ಹಳೆಯ ಕಾರಿನ ಎ.ಸಿ.: ಅನಿಲ ತುಂಬಿಸುವ ಮುನ್ನ ವಿದ್ಯುತ್ ಸಂಪರ್ಕದ ಪರೀಕ್ಷೆ

ಫೆಬ್ರವರಿ ಕಳೆದು ಬಿಸಿಲೇರುತ್ತಿದ್ದಂತೆ ಹಳೆಯ ಕಾರುಗಳನ್ನು ಇಟ್ಟುಕೊಂಡಿರುವ ವ್ಯಾಪಾರಸ್ಥರಿಗೂ ಸಣ್ಣ ಉದ್ದಿಮೆದಾರರಿಗೂ ಒಂದು ಖರ್ಚು ತಪ್ಪದೆ ಎದುರಾಗುತ್ತದೆ. ಗುಂಡಿ ಒತ್ತಿದರೆ ಎ.ಸಿ. ತಂಪು ನೀಡುವುದಿಲ್ಲ. ಗ್ಯಾರೇಜಿಗೆ ಒಯ್ದರೆ 'ಗ್ಯಾಸ್ ಹೋಗಿದೆ' ಎಂಬ ಉತ್ತರ ದೊರೆಯುತ್ತದೆ. ಹಣ ತೆತ್ತು ಅನಿಲ ತುಂಬಿಸಿಕೊಂಡು ಬಂದ ಮೂರನೆಯ ವಾರಕ್ಕೆ ಮತ್ತೆ ಅದೇ ಸ್ಥಿತಿ. ಎರಡನೆಯ ಸಲ ಹೋದಾಗ ಕಂಪ್ರೆಸರನ್ನೇ ಬದಲಾಯಿಸಬೇಕೆಂಬ ಸಲಹೆ ಬರುತ್ತದೆ. ಹೀಗೆ ಬದಲಾಯಿಸಲ್ಪಟ್ಟ ಕಂಪ್ರೆಸರುಗಳಲ್ಲಿ ಯಾವ ದೋಷವೂ ಇಲ್ಲದವು ಇರುತ್ತವೆ. ದೋಷವಿದ್ದದ್ದು ಕಿಲುಬು ಹಿಡಿದ ಒಂದು ತಂತಿಯಲ್ಲಿ ಅಥವಾ ಸವೆದ ಒಂದು ಕ್ಲಚ್ ಪ್ಲೇಟಿನಲ್ಲಿ.

ಮಾರುತಿ 800, ಝೆನ್, ಎಸ್ಟೀಮ್, ಅಂಬಾಸಿಡರ್ ಮುಂತಾದ ಕಾರುಗಳ ತಯಾರಿಕೆ ನಿಂತು ವರ್ಷಗಳೇ ಕಳೆದಿವೆ. ಮಾರುತಿ 800 ಹಾಗೂ ಅಂಬಾಸಿಡರ್ ಎರಡೂ 2014ರಲ್ಲಿ ನಿಂತವು. ಆದರೂ ಮೋಟಾರು ವಾಹನ ಕಾಯಿದೆಯಂತೆ 15 ವರ್ಷಗಳ ನೋಂದಣಿ ಮುಗಿದ ಖಾಸಗಿ ವಾಹನಕ್ಕೆ ಐದು ವರ್ಷಗಳ ನವೀಕರಣ ದೊರೆಯುವುದರಿಂದ, ಇಂತಹ ಕಾರುಗಳು ಇನ್ನೂ ಅಂಗಡಿ, ಗೋದಾಮು, ಕಾರ್ಖಾನೆಗಳ ನಡುವೆ ಓಡಾಡುತ್ತಿವೆ. ಇವುಗಳ ಮಾಲೀಕರಿಗೆ ಒಂದು ಅನುಕೂಲವಿದೆ. ಈ ಪೀಳಿಗೆಯ ಕಾರುಗಳ ಎ.ಸಿ. ಮಂಡಲವು ಬಹಳ ಸರಳವಾದುದು; ಗಣಕಯಂತ್ರದ ನೆರವಿಲ್ಲದೆ, ಒಂದು ಟೆಸ್ಟ್ ಲ್ಯಾಂಪ್ ಮತ್ತು ಸಾಧಾರಣ ಮಲ್ಟಿಮೀಟರಿನಿಂದ ಅದರ ದೋಷವನ್ನು ಹುಡುಕಬಹುದು.

ವಿದ್ಯುತ್ ಸಾಗುವ ದಾರಿ

ತಂಪು ಮಾಡುವುದು ಅನಿಲದ ಕೆಲಸವಾದರೂ ಅದಕ್ಕೆ ಅಪ್ಪಣೆ ಕೊಡುವುದು ವಿದ್ಯುತ್ತು. ಬ್ಯಾಟರಿಯಿಂದ ಹೊರಟ ಪ್ರವಾಹವು ಫ್ಯೂಸ್, ಇಗ್ನಿಷನ್ ಕೀಲಿ, ಬ್ಲೋವರ್ ಸ್ವಿಚ್, ಎ.ಸಿ. ಗುಂಡಿ, ಕೂಲಿಂಗ್ ಕಾಯಿಲಿನ ಉಷ್ಣತೆಯನ್ನು ಅಳೆಯುವ ಥರ್ಮೋಸ್ಟಾಟ್, ಅನಿಲದ ಕೊಳವೆಯ ಮೇಲಿರುವ ಒತ್ತಡದ ಸ್ವಿಚ್ ಇವುಗಳನ್ನು ದಾಟಿ ರಿಲೇಯನ್ನು ತಲುಪುತ್ತದೆ. ರಿಲೇ ಮುಚ್ಚಿಕೊಂಡಾಗ ಕಂಪ್ರೆಸರಿನ ಮುಂಭಾಗದ ಕ್ಲಚ್ ಕಾಯಿಲಿಗೆ ವಿದ್ಯುತ್ ಹರಿದು, ಅಲ್ಲಿಯ ಪ್ಲೇಟನ್ನು ಅಯಸ್ಕಾಂತದಂತೆ ಸೆಳೆಯುತ್ತದೆ. ಆಗ 'ಟಕ್' ಎಂಬ ಸದ್ದು ಕೇಳಿಸಿ ಕಂಪ್ರೆಸರ್ ತಿರುಗತೊಡಗುತ್ತದೆ. ಕ್ರಮವು ಮಾದರಿಯಿಂದ ಮಾದರಿಗೆ ತುಸು ಬದಲಾಗುವುದುಂಟು. ಹಲವು ಕಾರುಗಳಲ್ಲಿ ಬ್ಲೋವರ್ ತಿರುಗದಿದ್ದರೆ ಎ.ಸಿ. ಗುಂಡಿಗೆ ವಿದ್ಯುತ್ತೇ ಬಾರದು ಎಂಬುದನ್ನು ನೆನಪಿಡಬೇಕು. ಕಂಪ್ರೆಸರ್ ಕೆಟ್ಟಿದೆಯೆಂದು ಭಾವಿಸಿದ ಕಡೆ ಬ್ಲೋವರಿನ ಸ್ವಿಚ್ ಮಾತ್ರ ಕೆಟ್ಟಿರಬಹುದು.

ಆದುದರಿಂದ ಮೊದಲ ಪರೀಕ್ಷೆ ಒಂದೇ: ಎಂಜಿನ್ ಚಾಲನೆಯಲ್ಲಿರುವಾಗ ಬ್ಲೋವರ್ ಮತ್ತು ಎ.ಸಿ. ಹಾಕಿ, ಕ್ಲಚ್ ಸೆಳೆಯುತ್ತದೆಯೇ ಎಂದು ನೋಡುವುದು. ಬೆಲ್ಟಿನ ಗಾಲಿ ಸದಾ ತಿರುಗುತ್ತಲೇ ಇರುತ್ತದೆ. ಅದರ ಮುಂದಿರುವ ಪ್ಲೇಟ್ ಕೂಡ ತಿರುಗಬೇಕು. ಶಲ್ಯ, ಸಡಿಲವಾದ ತೋಳು, ಪಂಚೆಯ ಚುಂಗು ಬೆಲ್ಟಿನ ಬಳಿ ಸುಳಿಯದಂತೆ ಎಚ್ಚರ ವಹಿಸುವುದು ಅವಶ್ಯಕ. ಪ್ಲೇಟ್ ತಿರುಗಿಯೂ ತಂಪು ಇಲ್ಲದಿದ್ದರೆ ಅನಿಲ, ಕಂಪ್ರೆಸರಿನ ಒಳಭಾಗ ಅಥವಾ ಕಂಡೆನ್ಸರ್ ಫ್ಯಾನಿನ ಕಡೆ ಗಮನ ಹರಿಸಬೇಕು. ಪ್ಲೇಟ್ ತಿರುಗದಿದ್ದರೆ ಮೇಲೆ ಹೇಳಿದ ದಾರಿಯನ್ನು ಹಿಂದಕ್ಕೆ ಅನುಸರಿಸುತ್ತಾ ಹೋಗಬೇಕು.

ಒತ್ತಡದ ಸ್ವಿಚ್ಚಿನ ಗೊಂದಲ

ಅನಿಲದ ಕೊರತೆಯೂ ವಿದ್ಯುತ್ ದೋಷದಂತೆಯೇ ಕಾಣಿಸುವುದರಿಂದ ಇಲ್ಲಿಯೇ ಹೆಚ್ಚಿನ ತಪ್ಪುಗಳು ನಡೆಯುತ್ತವೆ. ಕೊಳವೆಯೊಳಗಿನ ಒತ್ತಡ ಸುಮಾರು 2 ಬಾರ್‌ಗಿಂತ ಕೆಳಗಿಳಿದರೆ ಒತ್ತಡದ ಸ್ವಿಚ್ ಕ್ಲಚ್ಚಿಗೆ ಹೋಗುವ ವಿದ್ಯುತ್ತನ್ನು ತಡೆಯುತ್ತದೆ. ಅನಿಲದೊಂದಿಗೇ ಎಣ್ಣೆಯೂ ಸಂಚರಿಸುವ ವ್ಯವಸ್ಥೆ ಇದಾದ್ದರಿಂದ ಅನಿಲವಿಲ್ಲದೆ ತಿರುಗಿದ ಕಂಪ್ರೆಸರ್ ಕೆಲವೇ ದಿನಗಳಲ್ಲಿ ಜಾಮ್ ಆಗಿಬಿಡುತ್ತದೆ. ಒತ್ತಡವು 30 ಬಾರ್ ಆಸುಪಾಸಿಗೆ ಏರಿದಾಗಲೂ ಇದೇ ಸ್ವಿಚ್ ಸಂಪರ್ಕ ಕಡಿದು ಕೊಳವೆಗಳನ್ನು ಕಾಪಾಡುತ್ತದೆ.

ಹಾಗಾದರೆ ದೋಷ ಅನಿಲದ್ದೋ ವಿದ್ಯುತ್ತಿನದೋ ಎಂದು ತಿಳಿಯುವುದು ಹೇಗೆ? ಎಂಜಿನ್ ನಿಲ್ಲಿಸಿ, ಕಾರು ತಣ್ಣಗಾದ ಮೇಲೆ ಮೆಕ್ಯಾನಿಕನಿಂದ ಒತ್ತಡದ ಮಾಪಕ ಹಾಕಿಸಬೇಕು. ಇಂದು ಈ ಕಾರುಗಳಲ್ಲಿ ಬಳಕೆಯಲ್ಲಿರುವ ಆರ್-134ಎ ಅನಿಲವು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 6.7 ಬಾರ್, ಅಂದರೆ ಗ್ಯಾರೇಜಿನ ಭಾಷೆಯಲ್ಲಿ 97 ಪೌಂಡಿನಷ್ಟು ಒತ್ತಡ ತೋರಿಸುತ್ತದೆ. ಕೊಳವೆಯಲ್ಲಿ ಸ್ವಲ್ಪ ದ್ರವರೂಪದ ಅನಿಲ ಉಳಿದಿದ್ದರೂ ಮಾಪಕ ಇದೇ ಅಂಕಿಯನ್ನು ತೋರಿಸುವುದರಿಂದ ಒಟ್ಟು ಪ್ರಮಾಣ ಸರಿಯಿದೆಯೇ ಎಂಬುದು ಇದರಿಂದ ತಿಳಿಯದು. ಆದರೆ ಮುಖ್ಯವಾದ ಒಂದು ಸಂಗತಿ ತಿಳಿಯುತ್ತದೆ: ಇಷ್ಟು ಒತ್ತಡವಿದ್ದಾಗ ಸ್ವಿಚ್ ಮುಚ್ಚಿಕೊಂಡಿರಲೇಬೇಕು. ಮಾಪಕ 90 ಪೌಂಡಿನ ಆಸುಪಾಸು ತೋರಿಸುತ್ತಿದ್ದು, ಸ್ವಿಚ್ಚಿನ ಎರಡು ಟರ್ಮಿನಲುಗಳ ನಡುವೆ ಸಂಪರ್ಕವಿಲ್ಲದಿದ್ದರೆ ಕೆಟ್ಟಿರುವುದು ಸ್ವಿಚ್ಚು. ಮಾಪಕ ಶೂನ್ಯದ ಬಳಿ ಇದ್ದರೆ ಸ್ವಿಚ್ ತನ್ನ ಕರ್ತವ್ಯವನ್ನೇ ಮಾಡುತ್ತಿದೆ. ಆಗ ಸೋರಿಕೆಯನ್ನು ಹುಡುಕದೆ ಅನಿಲ ತುಂಬಿಸುವುದು ತೂತಾದ ಕೊಡಕ್ಕೆ ನೀರು ತುಂಬಿದಂತೆ.

ಕೆಲವು ಕಡೆ ಈ ಸ್ವಿಚ್ಚನ್ನು ತೆಗೆದು ಎರಡು ತಂತಿಗಳನ್ನು ನೇರವಾಗಿ ಜೋಡಿಸಿ ಕಳುಹಿಸುವ ರೂಢಿ ಇದೆ. ಪರೀಕ್ಷೆಗಾಗಿ ಕೆಲವು ಸೆಕೆಂಡುಗಳ ಕಾಲ ಹಾಗೆ ಜೋಡಿಸುವುದು ಬೇರೆ, ಜೋಡಿಸಿಯೇ ಬಿಡುವುದು ಬೇರೆ. ಎರಡನೆಯದು ಮುಂದಿನ ಬೇಸಿಗೆಯ ದೊಡ್ಡ ಬಿಲ್ಲಿಗೆ ಮುಂಗಡ. ಹಿಂದೆ ಆರ್-12 ಅನಿಲದಿಂದ ನಡೆಯುತ್ತಿದ್ದು, 1987ರ ಮಾಂಟ್ರಿಯಲ್ ಒಡಂಬಡಿಕೆಯ ಪರಿಣಾಮವಾಗಿ ಆ ಅನಿಲ ಮಾರುಕಟ್ಟೆಯಿಂದ ಮರೆಯಾದ ಬಳಿಕ ಪರಿವರ್ತನೆಗೊಂಡ ಕಾರುಗಳಲ್ಲಿ ಸ್ವಿಚ್ ಉಳಿದಿದೆಯೇ ಎಂಬುದನ್ನು ವಿಶೇಷವಾಗಿ ನೋಡಬೇಕು.

ಬೆಳಗ್ಗೆ ತಂಪು, ಮಧ್ಯಾಹ್ನ ಬಿಸಿ

ಹಳೆಯ ಕಾರುಗಳಲ್ಲಿ ಅತ್ಯಂತ ತಪ್ಪಾಗಿ ಗುರುತಿಸಲ್ಪಡುವ ದೋಷ ಇದು. ಮನೆಯಿಂದ ಹೊರಟಾಗ ಎ.ಸಿ. ಸರಿಯಾಗಿರುತ್ತದೆ, ಅರ್ಧ ಗಂಟೆಯ ನಂತರ ತಂಪು ನಿಲ್ಲುತ್ತದೆ, ಕಾರನ್ನು ನಿಲ್ಲಿಸಿ ಊಟ ಮುಗಿಸಿ ಬಂದರೆ ಮತ್ತೆ ಸರಿ. ಗ್ಯಾರೇಜಿಗೆ ಹೋದಾಗ ಎಂಜಿನ್ ತಣ್ಣಗಿದ್ದರೆ ದೋಷ ಕಾಣಿಸುವುದೇ ಇಲ್ಲ.

ಇದರ ಕಾರಣವನ್ನು ಲೆಕ್ಕ ಹಾಕಿ ನೋಡಬಹುದು. ಕ್ಲಚ್ ಕಾಯಿಲಿನ ರೋಧವು ತಣ್ಣಗಿರುವಾಗ 3.5 ಓಮ್ ಎಂದು ಭಾವಿಸೋಣ. 12 ವೋಲ್ಟ್ ದೊರೆತರೆ ಸುಮಾರು 3.4 ಆಂಪಿಯರ್ ಪ್ರವಾಹ ಹರಿಯುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇಕಡಾ 0.39ರಷ್ಟು ಹೆಚ್ಚುತ್ತದೆ. ಕಾಯಿಲ್ 25 ಡಿಗ್ರಿಯಿಂದ 100 ಡಿಗ್ರಿಗೆ ಕಾದಾಗ ರೋಧವು 4.5 ಓಮಿಗೆ ಏರಿ, ಪ್ರವಾಹ 2.7 ಆಂಪಿಯರಿಗೆ ಇಳಿಯುತ್ತದೆ. ಅಯಸ್ಕಾಂತದ ಸೆಳೆತವು ಸರಿಸುಮಾರು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ ಸೆಳೆತ ಶೇಕಡಾ 60ರ ಸುಮಾರಿಗೆ ಕುಸಿಯುತ್ತದೆ. ಹೊಸ ಕ್ಲಚ್ಚಿನಲ್ಲಿ ಇಷ್ಟು ಸೆಳೆತವೂ ಸಾಕಾಗುತ್ತದೆ. ಆದರೆ ವರ್ಷಗಳ ಬಳಕೆಯಿಂದ ಪ್ಲೇಟ್ ಸವೆದು, ಅರ್ಧ ಮಿಲಿಮೀಟರಿನಷ್ಟಿರಬೇಕಾದ ಅಂತರ ಒಂದು ಮಿಲಿಮೀಟರಿನಷ್ಟಾದರೆ ಸೆಳೆತ ಮತ್ತೆ ನಾಲ್ಕನೆಯ ಒಂದು ಭಾಗಕ್ಕಿಳಿಯುತ್ತದೆ. ಕಾದ ಕಾಯಿಲಿಗೆ ಇಷ್ಟು ದೂರದ ಪ್ಲೇಟನ್ನು ಸೆಳೆಯುವ ಶಕ್ತಿ ಇರುವುದಿಲ್ಲ.

ಇದಕ್ಕೆ ಪರಿಹಾರವೆಂದರೆ, ಪ್ಲೇಟಿನ ನಡುವಿನ ಬೋಲ್ಟ್ ತೆಗೆದು, ಅದರ ಹಿಂದಿರುವ ತೆಳುವಾದ ವಾಷರುಗಳಲ್ಲಿ ಒಂದನ್ನು ಹೊರತೆಗೆದು ಅಂತರವನ್ನು ಸರಿಪಡಿಸುವುದು. ಫೀಲರ್ ಗೇಜಿನಿಂದ ಅಂತರವನ್ನು ಸುತ್ತಲೂ ಮೂರು ಕಡೆ ಅಳೆಯಬೇಕು. ಸರಿಯಾದ ಅಳತೆ ಆಯಾ ಕಂಪ್ರೆಸರಿನ ಕೈಪಿಡಿಯಲ್ಲಿರುತ್ತದೆ. ಇದಕ್ಕೆ ಬಿಡಿಭಾಗವೇ ಬೇಕಿಲ್ಲ, ಅನಿಲ ತೆಗೆಯುವ ಅಗತ್ಯವೂ ಇಲ್ಲ. ಮೆಕ್ಯಾನಿಕನ ಒಂದು ಗಂಟೆಯ ಕೂಲಿಯಲ್ಲಿ ಮುಗಿಯುವ ಈ ಕೆಲಸಕ್ಕೆ ಬದಲಾಗಿ ಹೊಸ ಕಂಪ್ರೆಸರ್ ಖರೀದಿಸಿದವರಿದ್ದಾರೆ.

ಅಂತರ ಸರಿಯಿದ್ದೂ ಇದೇ ಲಕ್ಷಣ ಕಂಡುಬಂದರೆ ವೋಲ್ಟೇಜ್ ಸೋರಿಹೋಗುತ್ತಿರಬಹುದು. ಇಲ್ಲಿ ಅನೇಕ ಎಲೆಕ್ಟ್ರಿಷಿಯನ್‌ಗಳು ಎಡವುತ್ತಾರೆ. ಕ್ಲಚ್ಚಿನ ತಂತಿಯನ್ನು ಬಿಚ್ಚಿ ಮೀಟರ್ ಇಟ್ಟರೆ 12 ವೋಲ್ಟ್ ಸರಿಯಾಗಿಯೇ ಕಾಣುತ್ತದೆ. ಹತ್ತು ಎಳೆಗಳಲ್ಲಿ ಒಂಬತ್ತು ತುಂಡಾಗಿದ್ದರೂ ಮೀಟರಿಗೆ ಒಂದು ಎಳೆ ಸಾಕು. ಹೊರೆ ಬಿದ್ದಾಗಲೇ ದೋಷ ಬಯಲಾಗುತ್ತದೆ. ಆದುದರಿಂದ ತಂತಿಯನ್ನು ಜೋಡಿಸಿ, ಎ.ಸಿ. ಚಾಲೂ ಇಟ್ಟು ಅಳೆಯಬೇಕು. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ಟರ್ಮಿನಲಿಗೂ ಇನ್ನೊಂದನ್ನು ಕಂಪ್ರೆಸರಿನ ಲೋಹದ ಮೈಗೂ ಇಟ್ಟಾಗ 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥಿಂಗ್ ಸರಿಯಿಲ್ಲ ಎಂದು ತಿಳಿಯಬೇಕು. ಬ್ಯಾಟರಿಯ ಧನ ಟರ್ಮಿನಲಿನಿಂದ ಕ್ಲಚ್ಚಿನ ತಂತಿಯವರೆಗೆ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ರಿಲೇ, ಫ್ಯೂಸ್ ಹಿಡಿಕೆ ಅಥವಾ ನಡುವಿನ ಜೋಡಣೆಗಳನ್ನು ಒಂದೊಂದಾಗಿ ನೋಡಬೇಕು. ಮಂಗಳೂರು, ಕಾರವಾರದ ಕಡೆಯ ಕಾರುಗಳಲ್ಲಿ ಉಪ್ಪಿನ ಗಾಳಿಯಿಂದ ಅರ್ಥಿಂಗ್ ಬೋಲ್ಟುಗಳಿಗೆ ಕಿಲುಬು ಹಿಡಿಯುವುದು ಸಾಮಾನ್ಯ. ಮರಳು ಕಾಗದದಿಂದ ಉಜ್ಜಿ, ಬಿಗಿ ಮಾಡಿ, ತುಸು ಗ್ರೀಸ್ ಸವರಿದರೆ ಬಹುಕಾಲ ಬಾಳುತ್ತದೆ.

ಫ್ಯಾನ್, ಬ್ಲೋವರ್ ಮತ್ತು ಫ್ಯೂಸ್

ಹೆದ್ದಾರಿಯಲ್ಲಿ ಚೆನ್ನಾಗಿ ತಂಪಾಗಿ, ಊರೊಳಗಿನ ವಾಹನ ದಟ್ಟಣೆಯಲ್ಲಿ ಬಿಸಿಗಾಳಿ ಬರುವುದಾದರೆ ಕಂಡೆನ್ಸರ್ ಫ್ಯಾನ್ ತಿರುಗುತ್ತಿಲ್ಲವೆಂದೇ ಮೊದಲು ಊಹಿಸಬೇಕು. ಓಡುವ ಕಾರಿಗೆ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ. ನಿಂತಾಗ ಒತ್ತಡ ಏರಿ ಸ್ವಿಚ್ ಕಡಿಯುತ್ತದೆ. ರಾಯಚೂರು, ಕಲಬುರಗಿಯ ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ಇದು ಬೇಗನೆ ಪ್ರಕಟವಾಗುತ್ತದೆ. ಫ್ಯಾನಿನ ಎರಡು ತಂತಿಗಳಿಗೆ ಬ್ಯಾಟರಿಯಿಂದ ನೇರ ವಿದ್ಯುತ್ ಕೊಟ್ಟು ನೋಡಿದರೆ ಮೋಟಾರ್ ಕೆಟ್ಟಿದೆಯೋ ಅದರ ರಿಲೇ ಕೆಟ್ಟಿದೆಯೋ ಎಂಬುದು ತಿಳಿಯುತ್ತದೆ. ರಿಲೇಯ ಬಗ್ಗೆ ಸಂದೇಹವಿದ್ದರೆ ಅದೇ ಕಾರಿನ ಹಾರ್ನ್ ರಿಲೇಯನ್ನು, ಪಿನ್ನುಗಳ ಜೋಡಣೆ ಒಂದೇ ಆಗಿದ್ದಲ್ಲಿ, ಅದಲುಬದಲು ಮಾಡಿ ನೋಡಬಹುದು.

ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ತಿರುಗಿ ಉಳಿದ ವೇಗಗಳಲ್ಲಿ ನಿಂತರೆ ಹೆಚ್ಚಿನಂಶ ರೆಸಿಸ್ಟರ್ ಸುಟ್ಟಿರುತ್ತದೆ. ಕೊನೆಯ ವೇಗಕ್ಕೆ ವಿದ್ಯುತ್ ರೆಸಿಸ್ಟರನ್ನು ದಾಟದೆ ನೇರವಾಗಿ ಹೋಗುವುದೇ ಇದಕ್ಕೆ ಕಾರಣ. ಹೊಸ ರೆಸಿಸ್ಟರ್ ಮತ್ತೆ ಮತ್ತೆ ಸುಡುತ್ತಿದ್ದರೆ ಬ್ಲೋವರಿನ ಬುಷ್ ಸವೆದು ಮೋಟಾರ್ ಹೆಚ್ಚು ಪ್ರವಾಹ ಎಳೆಯುತ್ತಿರಬಹುದು. ಅಥವಾ ಒಣಗಿದ ಎಲೆಗಳು ಸೇರಿ ಬ್ಲೋವರ್ ಬಿಗಿಯಾಗಿರಬಹುದು.

ಫ್ಯೂಸ್ ಪದೇ ಪದೇ ಹಾರುತ್ತಿದ್ದರೆ ದಪ್ಪನೆಯ ಫ್ಯೂಸ್ ಅಥವಾ ತಂತಿಯ ತುಂಡನ್ನು ಹಾಕಿ ಓಡಿಸುವುದು ಕಾರಿಗೆ ಬೆಂಕಿ ಹಚ್ಚುವ ಉಪಾಯ. ಅದರ ಬದಲಿಗೆ ಫ್ಯೂಸಿನ ಜಾಗದಲ್ಲಿ 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಎರಡು ತಂತಿಗಳಿಂದ ಜೋಡಿಸಬೇಕು. ಶಾರ್ಟ್ ಇದ್ದಲ್ಲಿ ಬಲ್ಬ್ ಪೂರ್ಣವಾಗಿ ಉರಿಯುತ್ತದೆ, ಆದರೆ ಎರಡು ಆಂಪಿಯರಿಗಿಂತ ಕಡಿಮೆ ಪ್ರವಾಹ ಹರಿಯುವುದರಿಂದ ತಂತಿ ಸುಡುವುದಿಲ್ಲ. ಬಳಿಕ ಕ್ಲಚ್, ಫ್ಯಾನ್ ಮುಂತಾದವುಗಳ ಸಾಕೆಟ್ಟುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಬೇಕು. ಯಾವುದನ್ನು ಬಿಚ್ಚಿದಾಗ ಬಲ್ಬ್ ಮಂಕಾಗುವುದೋ ದೋಷ ಆ ಕವಲಿನಲ್ಲಿದೆ. ಮಲೆನಾಡಿನಲ್ಲಿ ಮಳೆಗಾಲವಿಡೀ ನಿಂತ ಕಾರುಗಳಲ್ಲಿ ಇಲಿ ಕಡಿದ ತಂತಿಗಳು ಬಹಳ ಸಲ ಈ ವಿಧಾನದಿಂದಲೇ ಸಿಗುತ್ತವೆ.

ಬಿಡಿಭಾಗ ವರ್ತಕರ ಗಮನಕ್ಕೆ

ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ವ್ಯವಹರಿಸುವವರಿಗೆ 'ಹೊಸ ಕಾಯಿಲ್ ಸುಟ್ಟಿತು' ಎಂಬ ದೂರು ಅಪರಿಚಿತವಲ್ಲ. ಹೀಗೆ ಮರಳಿ ಬಂದ ಕಾಯಿಲನ್ನು ತಯಾರಿಕೆಯ ದೋಷವೆಂದು ಒಪ್ಪುವ ಅಥವಾ ತಳ್ಳಿಹಾಕುವ ಮುನ್ನ ಪ್ಲೇಟಿನ ಮೇಲ್ಮೈಯನ್ನೂ ತರಿಸಿ ನೋಡುವುದು ಒಳಿತು. ನೀಲಿ ಬಣ್ಣ ತಿರುಗಿದ, ಗೆರೆ ಬಿದ್ದ ಪ್ಲೇಟ್ ಜಾರುತ್ತಿತ್ತೆಂಬುದಕ್ಕೆ ಸಾಕ್ಷಿ; ಕಾಯಿಲನ್ನು ಸುಟ್ಟಿದ್ದು ಆ ಜಾರಿಕೆಯ ಶಾಖ. ಜಾರಲು ಕಾರಣ ಕಡಿಮೆ ವೋಲ್ಟೇಜ್, ಅತಿಯಾದ ಅಂತರ ಅಥವಾ ಬಿಗಿಯಾದ ಕಂಪ್ರೆಸರ್. ಇವನ್ನು ಸರಿಪಡಿಸದೆ ಕೊಟ್ಟ ಎರಡನೆಯ ಕಾಯಿಲೂ ಹಾಗೆಯೇ ಮರಳಿ ಬರುತ್ತದೆ.

ಕಾಯಿಲಿಗೆ ಅಡ್ಡಲಾಗಿ ಅನೇಕ ಮಾದರಿಗಳಲ್ಲಿ ಒಂದು ಸಣ್ಣ ಡಯೋಡ್ ಇರುತ್ತದೆ. ಕ್ಲಚ್ ಬಿಡುವ ಕ್ಷಣದಲ್ಲಿ ಕಾಯಿಲಿನಿಂದ ಚಿಮ್ಮುವ ಅಧಿಕ ವೋಲ್ಟೇಜನ್ನು ಅದು ಹೀರಿಕೊಂಡು ರಿಲೇಯನ್ನೂ ಎ.ಸಿ. ಆಂಪ್ಲಿಫೈಯರನ್ನೂ ರಕ್ಷಿಸುತ್ತದೆ. ಕೆಲವು ರೂಪಾಯಿಗಳ ಈ ಭಾಗವನ್ನು ದುರಸ್ತಿಯ ವೇಳೆ ಕತ್ತರಿಸಿ ಎಸೆದರೆ ಕೆಲವೇ ತಿಂಗಳಲ್ಲಿ ರಿಲೇಯ ಸಂಪರ್ಕಗಳು ಕರಿದಾಗುತ್ತವೆ. ಹೊಸದನ್ನು ಹಾಕುವಾಗ ಬಿಳಿ ಪಟ್ಟಿ ಇರುವ ತುದಿ ಧನ ತಂತಿಯ ಕಡೆಗಿರಬೇಕು. ತಿರುಗಿಸಿ ಹಾಕಿದರೆ ಎ.ಸಿ. ಗುಂಡಿ ಒತ್ತಿದೊಡನೆ ಫ್ಯೂಸ್ ಹಾರುತ್ತದೆ.