ಸೌರಫಲಕದ ಲೇಪ ಕಾಪಾಡಿರಿ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಲ್ಲಿ ಸೌರ ಪಂಪು ಹಾಕಿಸಿರುವ ಅಡಿಕೆ ಬೆಳೆಗಾರರು ಮದ್ದು ಬಿಡುವಾಗ ಫಲಕಗಳ ಕಡೆಗೂ ಗಮನ ಕೊಡಬೇಕು.

ಬರಿಯ ಸಿಲಿಕಾನ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಪ್ರತಿಫಲಿಸಿಬಿಡುತ್ತದೆ. ಇದನ್ನು ತಡೆಯಲು ಕೋಶಗಳಿಗೆ ಸಿಲಿಕಾನ್ ನೈಟ್ರೈಡಿನ ಲೇಪ ಕೊಡುತ್ತಾರೆ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಮೇಲಿನ ಗಾಜು ಸಹ ಶೇಕಡಾ 4ರಷ್ಟು ಬೆಳಕನ್ನು ಪ್ರತಿಫಲಿಸುವುದರಿಂದ, ಈಚಿನ ಅನೇಕ ಫಲಕಗಳಲ್ಲಿ ಗಾಜಿಗೂ ಸಿಲಿಕಾದ ತೆಳುಲೇಪವಿರುತ್ತದೆ. ಇದರಿಂದ ವಿದ್ಯುತ್ ಉತ್ಪಾದನೆ ಶೇಕಡಾ 2ರಿಂದ 3ರಷ್ಟು ಹೆಚ್ಚುತ್ತದೆ. ಒಳಗಿನ ಲೇಪಕ್ಕೆ ಗಾಜಿನ ರಕ್ಷಣೆಯಿದೆ, ಹೊರಗಿನದಕ್ಕೆ ಇಲ್ಲ.

ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವು ಮಳೆಗೂ ಬೇಗ ತೊಳೆದುಹೋಗದೆ ಅಂಟಿಕೊಳ್ಳುತ್ತದೆ. ಅದು ಗಾಜಿನ ಮೇಲೆ ಒಣಗಿದರೆ ಬೆಳಕು ಕಡಿಮೆಯಾಗುತ್ತದೆ. ಒರಟಾಗಿ ಉಜ್ಜಿದರೆ ಲೇಪವೇ ಸವೆಯುತ್ತದೆ. ಆದ್ದರಿಂದ:

1. ಮದ್ದು ಬಿಡುವ ಮೊದಲು ಪಂಪು ನಿಲ್ಲಿಸಿ, ಫಲಕಗಳಿಗೆ ಟಾರ್ಪಾಲು ಹೊದಿಸಿರಿ.

2. ಹನಿಗಳು ಬಿದ್ದಲ್ಲಿ ಒಣಗುವ ಮೊದಲೇ ಸಾದಾ ನೀರಿನಿಂದ ತೊಳೆಯಿರಿ.

3. ಪಾಚಿ ಹಿಡಿದಿದ್ದರೆ ಬೆಳಿಗ್ಗೆ ಗಾಜು ತಣ್ಣಗಿರುವಾಗ ನೆನೆಸಿ, ಮೆತ್ತನೆಯ ಬಟ್ಟೆಯಿಂದ ಒರೆಸಿರಿ. ಬೂದಿ, ತೆಂಗಿನ ನಾರು ಬಳಸಕೂಡದು.

ಬೇಸಿಗೆಯಲ್ಲಿ ತೋಟಕ್ಕೆ ಹೆಚ್ಚು ನೀರು ಬೇಕು. ಆಗ ಪಂಪು ಪೂರ್ಣ ಶಕ್ತಿಯಿಂದ ನಡೆಯಬೇಕಾದರೆ ಮಳೆಗಾಲದಲ್ಲಿಯೇ ಲೇಪವನ್ನು ಕಾಪಾಡಿಕೊಳ್ಳುವುದು ಅಗತ್ಯ.