ದೆವ್ವವಿಲ್ಲದ ಭಯದ ಕಥೆ

ಭಯದ ಕಥೆಯೆಂದೊಡನೆ ಈಸ್ಟ್ ಹ್ಯಾಮ್‌ನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಡ್ರಾಕುಲಾ ನೆನಪಾಗುವುದು ಸಹಜ. ನಮ್ಮ ಜನಪದರ ‘ಕೆರೆಗೆ ಹಾರ’ ಕಥನಗೀತೆಯಲ್ಲಿ ದೆವ್ವವೇ ಇಲ್ಲ. ಆದರೂ ಅದು ಹೆಚ್ಚು ಭಯಾನಕ.

ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದಿರಲು, ಹೊತ್ತಿಗೆ ತೆಗೆಸಿ ಕೇಳಿ, ಕಿರಿಸೊಸೆ ಭಾಗೀರಥಿಯನ್ನು ಬಲಿಗೊಡಲು ನಿಶ್ಚಯಿಸುತ್ತಾರೆ. ಹಿರಿಸೊಸೆ ಹೋದರೆ ಮನೆತನ ನಡೆಯದೆಂಬ ಲೆಕ್ಕಾಚಾರ! ತವರಿಗೆ ಹೋದ ಆಕೆ ಹೆತ್ತವರಿಗೆ ನಿಜ ನುಡಿಯಲಾರಳು. ಗೆಳತಿಗೆ ನುಡಿದರೆ, ಆಕೆಯೂ ತಾಳಿಕೊಳ್ಳೆನ್ನುತ್ತಾಳೆ. ಪೂಜೆಯ ಬಳಿಕ ಮರೆತುಬಂದ ಬಂಗಾರದ ಬಟ್ಟಲು ತರಲು ಹಿಂದಿರುಗಿದಾಗ ಮೆಟ್ಟಿಲು ಮೆಟ್ಟಿಲಿಗೂ ನೀರೇರುತ್ತದೆ. ದಂಡಿನಿಂದ ಮರಳಿದ ಪತಿ ಮಾದೇವರಾಯನೂ ಅದೇ ಕೆರೆಗೆ ಹಾರುತ್ತಾನೆ.

ಇಲ್ಲಿ ಭಯ ಹುಟ್ಟುವುದು ಕತ್ತಲಿನಿಂದಲ್ಲ, ಬಲ್ಲವರ ಮೌನದಿಂದ. ಇದನ್ನು ತ್ಯಾಗದ ಕಥೆಯೆಂದಷ್ಟೇ ಹೇಳಿ ನಾವು ಮುಗಿಸಲಾಗದು. ‘ಯಾರೂ ಏಕೆ ತಡೆಯಲಿಲ್ಲ?’ ಎಂದು ಕೇಳುವ ಮಗುವಿಗೂ ಉತ್ತರಿಸಬೇಕು.