ಕೂರಲಿಕ್ಕೂ ಬಿಲ್ ತೋರಿಸಬೇಕಾ?

ಹುಡುಗರು ಅಂಗಡಿ ಮುಂದೆ ಗುಂಪು ನಿಲ್ಲದಂತೆ ಓಡಿಸಲು ಒಂದು ಯಂತ್ರವೇ ಇದೆ ಅಂದರೆ ನಂಬುತ್ತೀರಾ? ಅದರ ಹೆಸರು ‘ಮಸ್ಕಿಟೊ’, ಅಂದರೆ ಸೊಳ್ಳೆ. 2005ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಹೋವರ್ಡ್ ಸ್ಟೇಪಲ್‌ಟನ್ ಎಂಬುವರು ಇದನ್ನು ತಯಾರಿಸಿದರು. ಸುಮಾರು 17 ಕಿಲೋಹರ್ಟ್ಸ್ ಆವರ್ತನದ ಕೀರಲು ಸದ್ದು ಹೊರಡಿಸುವುದೇ ಇದರ ಕೆಲಸ. ವಯಸ್ಸಾದಂತೆ ಇಂಥ ಸದ್ದು ಕೇಳುವ ಶಕ್ತಿ ಕುಂದುತ್ತದೆ. ಹಾಗಾಗಿ ದೊಡ್ಡವರು ಆರಾಮಾಗಿ ಅಂಗಡಿಗೆ ಹೋಗುತ್ತಾರೆ, ಹದಿಹರೆಯದವರು ಕಿವಿ ಮುಚ್ಚಿಕೊಂಡು ಜಾಗ ಖಾಲಿ ಮಾಡುತ್ತಾರೆ.

ಬಿ.ಇ ವಿದ್ಯಾರ್ಥಿಯಾಗಿ ಐಡಿಯಾ ಮೆಚ್ಚಿಕೊಂಡೆ. ಇಪ್ಪತ್ತರ ಹುಡುಗನಾಗಿ ಸಿಟ್ಟೂ ಬಂತು. ಗಲಾಟೆ ಮಾಡುವವನಿಗೂ ಬಸ್ಸಿಗೆ ಕಾಯುವವನಿಗೂ ಅದು ಒಂದೇ ಶಿಕ್ಷೆ ಕೊಡುತ್ತದೆ. ಅಲ್ಲಿನ ಹುಡುಗರೂ ಕಡಿಮೆಯಿಲ್ಲ. ಅದೇ ಸದ್ದನ್ನು ರಿಂಗ್‌ಟೋನ್ ಮಾಡಿಕೊಂಡು, ಮೇಷ್ಟ್ರಿಗೆ ಕೇಳಿಸದಂತೆ ಕ್ಲಾಸಿನಲ್ಲೇ ಬಳಸಿದರು! 2010ರಲ್ಲಿ ಕೌನ್ಸಿಲ್ ಆಫ್ ಯುರೋಪ್‌ನ ಸಂಸದೀಯ ಸಭೆ, ಸಾರ್ವಜನಿಕ ಸ್ಥಳಗಳಲ್ಲಿ ಇಂಥ ಯಂತ್ರವನ್ನು ನಿಷೇಧಿಸಬೇಕೆಂದು ಹೇಳಿತು.

ನಮ್ಮಲ್ಲಿ ಯಂತ್ರವೇನೂ ಬೇಕಿಲ್ಲ, ಒಂದು ನೋಟ ಸಾಕು. ನಮ್ಮ ಪಿ.ಜಿ ರೂಮಿನಲ್ಲಿ ನಾಲ್ಕು ಮಂಚ ಹಾಕಿದರೆ ಕುರ್ಚಿಗೆ ಜಾಗವಿಲ್ಲ. ಹಾಗಾಗಿ ಗೆಳೆಯರೆಲ್ಲ ಒಂದು ಮಾಲ್‌ನ ಫುಡ್‌ಕೋರ್ಟ್‌ನಲ್ಲಿ ಕಾಫಿ ತಗೊಂಡು ಪ್ಲೇಸ್‌ಮೆಂಟ್‌ಗಾಗಿ ಆಪ್ಟಿಟ್ಯೂಡ್ ಲೆಕ್ಕ ಬಿಡಿಸುತ್ತಿದ್ದೆವು. ‘ಬೇರೇನಾದ್ರೂ ಆರ್ಡರ್ ಮಾಡ್ತೀರಾ? ಇಲ್ಲಾಂದ್ರೆ ಎದ್ದೇಳ್ರಪ್ಪಾ’ ಅಂದರು ಸೆಕ್ಯುರಿಟಿಯವರು. ಪಕ್ಕದ ಟೇಬಲ್‌ನಲ್ಲಿ ಖಾಲಿ ತಟ್ಟೆ ಮುಂದಿಟ್ಟುಕೊಂಡು ಫೋನ್ ನೋಡುತ್ತಿದ್ದ ಅಂಕಲ್‌ಗೆ ಯಾರೂ ಏನೂ ಹೇಳಲಿಲ್ಲ. ಆ ಸೆಕ್ಯುರಿಟಿ ಅಣ್ಣನ ಮೇಲೆ ಸಿಟ್ಟಿಲ್ಲ. ಮೇಲಿನವರು ಹೇಳಿದ್ದನ್ನು ಅವರು ಮಾಡಿದರು, ಅಷ್ಟೆ.

ಸಂವಿಧಾನದ 15(2)ನೇ ವಿಧಿಯ ಪ್ರಕಾರ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳದ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲ್, ಮನರಂಜನಾ ಸ್ಥಳಗಳಿಂದ ಹೊರಗಿಡುವಂತಿಲ್ಲ. ವಯಸ್ಸು, ಉಡುಪು, ಜೇಬಿನಲ್ಲಿರುವ ದುಡ್ಡು ಈ ಪಟ್ಟಿಯಲ್ಲಿಲ್ಲ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್‌ನಲ್ಲಿ ಪಂಚೆ ಉಟ್ಟು ಬಂದಿದ್ದ ಹಾವೇರಿ ಕಡೆಯ ರೈತರನ್ನು ತಡೆದದ್ದು ನೆನಪಿದೆಯಲ್ಲ? ಜನ ದನಿ ಎತ್ತಿದ್ದಕ್ಕೇ ಸರ್ಕಾರ ಆ ಮಾಲ್ ಅನ್ನು ಏಳು ದಿನ ಮುಚ್ಚಿಸುವುದಾಗಿ ಪ್ರಕಟಿಸಿತು.

ಮಾಲ್ ಖಾಸಗಿ ಆಸ್ತಿ, ಅವರಿಗೂ ಖರ್ಚಿದೆ, ಒಪ್ಪೋಣ. ಕಿರುಚಾಡಿದರೆ, ಹುಡುಗಿಯರನ್ನು ಚುಡಾಯಿಸಿದರೆ ಖಂಡಿತ ಹೊರಹಾಕಲಿ. ಆದರೆ ನಡತೆ ನೋಡಿ ಹೊರಹಾಕಲಿ, ವಯಸ್ಸು ನೋಡಿ ಬೇಡ. ಕೂರಲು ಎಷ್ಟು ಹೊತ್ತು ಅವಕಾಶ ಎಂಬ ನಿಯಮವಿದ್ದರೆ ಬೋರ್ಡ್ ಹಾಕಲಿ, ಅದು ಎಲ್ಲರಿಗೂ ಒಂದೇ ಇರಲಿ.

ಮಾಲ್‌ಗಿಂತ ದೊಡ್ಡ ಪ್ರಶ್ನೆ ನಮ್ಮದೇ ತೆರಿಗೆಯ ಜಾಗಗಳದ್ದು. ಬೆಂಗಳೂರಿನ ಪಾರ್ಕುಗಳಿಗೆ ಮೊದಲು ಹಗಲಲ್ಲೇ ಬೀಗ ಬೀಳುತ್ತಿತ್ತು. 2024ರಲ್ಲಿ ಬಿಬಿಎಂಪಿ ಅವನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ನಿರ್ಧರಿಸಿತು. ಇದೇ ನಿಯಮ ಪ್ರತಿ ಊರಿಗೂ ಬರಲಿ. ಬೆಂಚು, ದೀಪ, ಶೌಚಾಲಯ ಇರಲಿ, ಗ್ರಂಥಾಲಯ ಸಂಜೆಯೂ ತೆರೆದಿರಲಿ. ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರಿಗೆ ಓದಲು ಬೇಕಿರುವುದು ಇಷ್ಟೇ. ನಿಮ್ಮ ವಾರ್ಡಿನಲ್ಲಿ ಇವು ಇಲ್ಲವೇ? ನಾಲ್ಕು ಜನ ಸೇರಿ ಇವತ್ತೇ ಒಂದು ಅರ್ಜಿ ಬರೆಯಿರಿ.